ಬೋರ್ ಎಷ್ಟಿದ್ದರೆ ಸಾಕು: ಕೈಬಂದೂಕಿನ ಒಂದು ಹಳೆಯ ವಾದ

ಪಿಸ್ತೂಲು ಮತ್ತು ರಿವಾಲ್ವರುಗಳ ನಳಿಗೆಯ ಒಳವ್ಯಾಸವನ್ನು ಭಾರತದಲ್ಲಿ ಸಾಮಾನ್ಯವಾಗಿ ಬೋರ್ ಎನ್ನುತ್ತಾರೆ. ಇಂಚಿನ ದಶಮಾಂಶದಲ್ಲಿ ಹೇಳುವ .45 ಬೋರ್ ಸುಮಾರು 11.4 ಮಿಲಿಮೀಟರಿಗೆ ಸಮ. ಮೈಮೇಲೆ ಬೀಳುವವನನ್ನು ತಡೆದು ಪ್ರಾಣ ಉಳಿಸಿಕೊಳ್ಳಲು ಎಷ್ಟು ದಪ್ಪದ ಗುಂಡು ಬೇಕೆಂಬ ವಾದಕ್ಕೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದ್ದು, ಅದರ ಮುಖ್ಯ ತಿರುವುಗಳು ಅಮೆರಿಕದಲ್ಲಿ ಕಂಡುಬರುತ್ತವೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫಿಲಿಪ್ಪೀನ್ಸಿನಲ್ಲಿ ಹೋರಾಡುತ್ತಿದ್ದ ಅಮೆರಿಕದ ಸೈನಿಕರು, ತಮ್ಮ .38 ರಿವಾಲ್ವರಿನಿಂದ ಹಲವು ಗುಂಡು ತಗುಲಿದ ಮೇಲೂ ಮೋರೋ ಯೋಧರು ನುಗ್ಗಿ ಬರುತ್ತಾರೆಂದು ದೂರಿದರು. ಇದರ ಪರಿಶೀಲನೆಗಾಗಿ 1904ರಲ್ಲಿ ಶಸ್ತ್ರಾಸ್ತ್ರ ವಿಭಾಗದ ಜಾನ್ ಥಾಂಪ್ಸನ್ ಮತ್ತು ವೈದ್ಯಕೀಯ ವಿಭಾಗದ ಲೂಯಿಸ್ ಲಾಗಾರ್ಡ್ ಅವರು ಶಿಕಾಗೋದ ಕಸಾಯಿಖಾನೆಯ ದನಗಳ ಮೇಲೂ ಮನುಷ್ಯರ ಶವಗಳ ಮೇಲೂ ಬೇರೆ ಬೇರೆ ಬೋರಿನ ಗುಂಡುಗಳನ್ನು ಹಾರಿಸಿ ನೋಡಿ, ಸೇನೆಯ ಕೈಬಂದೂಕು .45ಕ್ಕಿಂತ ಕಡಿಮೆ ಇರಬಾರದೆಂದು ಶಿಫಾರಸು ಮಾಡಿದರು. ಜಾನ್ ಬ್ರೌನಿಂಗ್ ರೂಪಿಸಿ 1911ರಲ್ಲಿ ಸೇನೆ ಸ್ವೀಕರಿಸಿದ .45 ಪಿಸ್ತೂಲು ಈ ಶಿಫಾರಸಿನ ಫಲ. ಆದರೆ ಗುರಿ ತಪ್ಪದಂತೆ ಹೊಡೆಯಲು ಸೈನಿಕರಿಗೆ ಬಿಡುವಿಲ್ಲದ ಅಭ್ಯಾಸ ಬೇಕೆಂದೂ ಅದೇ ವರದಿ ಹೇಳಿತ್ತು. ಬೋರಿನ ಅಂಕಿ ಜನರ ನೆನಪಿನಲ್ಲಿ ಉಳಿದಷ್ಟು ಈ ಮಾತು ಉಳಿಯಲಿಲ್ಲ.

ಅದೇ ಕಾಲದಲ್ಲಿ ಜರ್ಮನಿಯ ಗೇಯಾರ್ಗ್ ಲೂಗರ್ ರೂಪಿಸಿದ 9 ಮಿ.ಮೀ. ತೋಟಾ, ಅಂದರೆ ಮದ್ದು ಮತ್ತು ಗುಂಡನ್ನು ಒಳಗೊಂಡ ಕೊಳವೆ, ಯುರೋಪಿನಲ್ಲಿ ಬೇರೂರಿತು. .45ರ ಗುಂಡು ಸುಮಾರು 15 ಗ್ರಾಂ ತೂಗಿ ಸೆಕೆಂಡಿಗೆ 250 ಮೀಟರಿನಷ್ಟು ವೇಗದಲ್ಲಿ ಸಾಗಿದರೆ, ಅದರ ಅರ್ಧದಷ್ಟು ತೂಕದ 9 ಮಿ.ಮೀ. ಗುಂಡು ಸುಮಾರು 350 ಮೀಟರ್ ವೇಗ ಪಡೆಯುತ್ತದೆ. 1985ರಲ್ಲಿ ಅಮೆರಿಕದ ಸೇನೆಯೂ .45ನ್ನು ಬಿಟ್ಟು ಇದನ್ನೇ ಆರಿಸಿಕೊಂಡಿತು.

ಮರುವರ್ಷ ಏಪ್ರಿಲ್ 11ರಂದು ಮಿಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ, 9 ಮಿ.ಮೀ. ಗುಂಡೊಂದು ದರೋಡೆಕೋರನ ತೋಳನ್ನು ತೂರಿ ಎದೆಯನ್ನು ಹೊಕ್ಕರೂ ಹೃದಯವನ್ನು ಮುಟ್ಟುವ ಮೊದಲೇ ನಿಂತುಹೋಗಿ, ಅವನು ಹೋರಾಟ ಮುಂದುವರಿಸಿದ್ದರಿಂದ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಪ್ರಾಣ ತೆತ್ತರು. ಆ ಬಳಿಕ ಸಂಸ್ಥೆಯು, ಸ್ನಾಯುವಿನಂತೆ ಗುಂಡನ್ನು ತಡೆಯುವ ಜೆಲಟಿನ್ ಅಚ್ಚಿನಲ್ಲಿ ಗುಂಡು 12ರಿಂದ 18 ಇಂಚು ಆಳಕ್ಕೆ ಇಳಿಯಬೇಕೆಂಬ ಮಾನದಂಡವನ್ನು ತಂದು, ಮೊದಲು 10 ಮಿ.ಮೀ. ಬೋರನ್ನೂ, ಅದರ ಒದೆತ ಹಲವರಿಗೆ ಭಾರವಾದಾಗ 1990ರಲ್ಲಿ ಬಂದ .40 ಬೋರನ್ನೂ ಬಳಸಿತು. ಗುಂಡಿನ ತಯಾರಿಕೆ ಸುಧಾರಿಸಿದಂತೆ 9 ಮಿ.ಮೀ. ಕೂಡ ಅದೇ ಆಳವನ್ನು ಮುಟ್ಟತೊಡಗಿತು. ಒದೆತ ಕಡಿಮೆಯಾದ್ದರಿಂದ ಅಧಿಕಾರಿಗಳು ಅದರಲ್ಲಿ ಹೆಚ್ಚು ನಿಖರವಾಗಿ ಹೊಡೆಯುತ್ತಾರೆಂದು ಕಂಡುಕೊಂಡ ಸಂಸ್ಥೆ, 2014ರ ನಂತರ ಮತ್ತೆ ಅದಕ್ಕೇ ಮರಳಿತು.

ಭಾರತದಲ್ಲಿ ಈ ಆಯ್ಕೆಯನ್ನು ಬಹುಮಟ್ಟಿಗೆ ಕಾನೂನೇ ಮಾಡಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯವಸ್ಥೆಯಲ್ಲಿ 9 ಮಿ.ಮೀ. ನಿಷೇಧಿತ ಬೋರ್ ಆಗಿರುವುದರಿಂದ, ಪರವಾನಗಿ ಪಡೆದ ನಾಗರಿಕರ ಪಾಲಿಗೆ ಬರುವುದು ಹೆಚ್ಚಾಗಿ .32 ಬೋರ್. ಮಹಿಳೆಯರ ರಕ್ಷಣೆಗೆಂದು 2014ರಲ್ಲಿ ಕಾನ್ಪುರದ ಕಾರ್ಖಾನೆ ಹೊರತಂದ, ಸುಮಾರು 500 ಗ್ರಾಂ ತೂಕದ ‘ನಿರ್ಭೀಕ್’ ರಿವಾಲ್ವರೂ ಇದೇ ಬೋರಿನದು.

ಇಷ್ಟು ದೀರ್ಘವಾದ ಪರೀಕ್ಷೆಗಳ ಸಾರವೆಂದರೆ, ಕೈಬಂದೂಕಿನ ಗುಂಡಿನ ಪರಿಣಾಮವನ್ನು ಅದರ ದಪ್ಪಕ್ಕಿಂತ ಹೆಚ್ಚಾಗಿ ಅದು ತಗುಲುವ ಜಾಗ ಮತ್ತು ಇಳಿಯುವ ಆಳ ನಿರ್ಧರಿಸುತ್ತವೆ. ಅಭ್ಯಾಸವಿಲ್ಲದ ಕೈಯ ಕೊರತೆಯನ್ನು ಯಾವ ಬೋರೂ ತುಂಬಲಾರದು.