ತಾತನ ಲೀಟ್ರು, ನನ್ನ ಲೀಟರ್

ಮೊನ್ನೆ ಆಫೀಸಿನಲ್ಲಿ ಒಂದು ಕಾನ್ಫರೆನ್ಸ್ ಕಾಲ್ ಇತ್ತು. ಲಾರಿಗಳು ಓಡಿದ ದೂರದ ಲೆಕ್ಕ ಇಡುವ ಸಾಫ್ಟ್‌ವೇರ್ ನಮ್ಮದು. ಮಾತಿನ ಮಧ್ಯೆ ನಾನು 'ಕಿಲೋಮೀಟರ್' ಅಂದೆ. ಆ ಕಡೆಯಿಂದ ಅಮೆರಿಕದ ಸಹೋದ್ಯೋಗಿ ನಗುತ್ತಾ 'ಓ, ಕಿಲಾಮಿಟರ್!' ಅಂದ. ಅವನ ದನಿಯಲ್ಲಿ ಕೊಂಕೇನೂ ಇರಲಿಲ್ಲ. ಆದರೂ ಉಳಿದ ಅರ್ಧ ಗಂಟೆ ನಾನು 'ಕೆಎಂ, ಕೆಎಂ' ಅಂತಲೇ ಕಾಲ ತಳ್ಳಿದೆ.

ಫೋನ್ ಇಟ್ಟ ಮೇಲೆ ನೆನಪಾಗಿದ್ದು ತಾತ.

ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ನಮ್ಮ ತಾತನದು ದಿನಸಿ ಅಂಗಡಿ. ಅವರ ಬಾಯಲ್ಲಿ ಎಲ್ಲವೂ ಲೀಟ್ರು, ಮೀಟ್ರು, ಗ್ರಾಮು, ಕಿಂಟಾಲು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಗೆಳೆಯರ ಎದುರಿಗೇ 'ತಾತ, ಲೀಟ್ರು ಅಲ್ಲ, ಲೀಟರ್ ಅನ್ನಬೇಕು' ಅಂತ ತಿದ್ದಿದ್ದೆ. ಗೆಳೆಯರು ನಕ್ಕರು, ತಾತನೂ ನಕ್ಕರು. ಆಮೇಲೆ ನನ್ನ ಗೆಳೆಯರು ಬಂದಾಗಲೆಲ್ಲ ಅವರು ಆ ಪದವನ್ನೇ ಬಿಟ್ಟು, ಎಣ್ಣೆ ಡಬ್ಬ ತೋರಿಸಿ 'ಇದರಲ್ಲಿ ಎರಡು ಕೊಡಲಾ ಮಗ?' ಅನ್ನೋರು. ನನಗೆ ಆಗ ಅದು ಹೊಳೆಯಲೇ ಇಲ್ಲ.

ಹಾಗಾದರೆ ಈ ಪದಗಳ 'ಸರಿಯಾದ' ಉಚ್ಚಾರ ಯಾರದು? ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಮೀಟರ್, ಲೀಟರ್, ಗ್ರಾಂ ಇವು ಇಂಗ್ಲಿಷರ ಪದಗಳೇ ಅಲ್ಲ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1795ರ ಏಪ್ರಿಲ್ 7ರ ಕಾನೂನಿನಲ್ಲಿ ಈ ಹೆಸರುಗಳು ಬಂದವು. ಊರಿಗೊಂದು ಅಳತೆ ಇದ್ದ ದೇಶಕ್ಕೆ ಒಂದೇ ಅಳತೆ ಕೊಡುವುದು ಅವರ ಉದ್ದೇಶ. ಹೆಸರುಗಳನ್ನು ಹೆಚ್ಚಾಗಿ ಗ್ರೀಕ್ ಮತ್ತು ಲ್ಯಾಟಿನ್‌ನಿಂದ ಎತ್ತಿಕೊಂಡರು. ಗ್ರೀಕಿನಲ್ಲಿ ಸಾವಿರಕ್ಕೆ 'ಖಿಲಿಯೋಯ್' ಅಂತಿದ್ದರು. ಫ್ರೆಂಚರು ಅದನ್ನು ಕತ್ತರಿಸಿ 'ಕಿಲೋ' ಮಾಡಿದರು. ಅಂದರೆ ಹುಟ್ಟುವಾಗಲೇ ಅದು ತಪ್ಪು ಉಚ್ಚಾರ! ತಮಾಷೆ ಏನು ಗೊತ್ತಾ? ಇವತ್ತು ಗ್ರೀಕರು ದೂರಕ್ಕೆ ತಮ್ಮದೇ 'ಹಿಲಿಯೋಮೆತ್ರೊ' ಉಳಿಸಿಕೊಂಡಿದ್ದಾರೆ, ಆದರೆ ಮಾರ್ಕೆಟ್ಟಿನಲ್ಲಿ ಟೊಮೇಟೊ ಕೊಳ್ಳುವಾಗ ಫ್ರೆಂಚರು ಕತ್ತರಿಸಿದ 'ಕಿಲೋ'ನೇ ಅಂತಾರೆ.

ಇನ್ನು 'ಕಿಲಾಮಿಟರ್'. ಸೆಂಟಿಮೀಟರ್, ಮಿಲಿಮೀಟರ್ ಅನ್ನುವಾಗ ಇಂಗ್ಲಿಷಿನಲ್ಲಿ ದನಿಯ ಒತ್ತು ಮೊದಲಲ್ಲೇ ಬೀಳುತ್ತದೆ. ಆ ಲೆಕ್ಕದಲ್ಲಿ ಕಿಲೋಮೀಟರಿಗೂ ಅಲ್ಲೇ ಬೀಳಬೇಕು. ಆದರೆ ಥರ್ಮಾಮೀಟರ್, ಬ್ಯಾರೋಮೀಟರ್ ಇತ್ಯಾದಿ ಉಪಕರಣಗಳ ಹೆಸರಿನ ಜಾಡು ಹಿಡಿದು ಅನೇಕರು ಒತ್ತನ್ನು 'ಲಾ' ಮೇಲೆ ಹಾಕುತ್ತಾರೆ. ಇದಕ್ಕಾಗಿ ಸರ್ಕಾರದ ಮಟ್ಟದಲ್ಲೇ ಜಗಳ ಆಗಿದೆ. 1975ರಲ್ಲಿ ಆಸ್ಟ್ರೇಲಿಯಾದ ಮೆಟ್ರಿಕ್ ಪರಿವರ್ತನಾ ಮಂಡಳಿ ಮೊದಲ ಅಕ್ಷರಕ್ಕೇ ಒತ್ತು ಅಂದಿತು. ಪ್ರಧಾನಿ ಗಾಫ್ ವಿಟ್ಲಮ್, ಗ್ರೀಕ್ ಮೂಲ ನೋಡಿದರೆ ಎರಡನೆಯದೇ ಸರಿ ಅಂತ ಪಟ್ಟು ಹಿಡಿದರು. ಎರಡೂ ಇವತ್ತಿಗೂ ಬದುಕಿವೆ. ನಮ್ಮ ಕಂಪ್ಯೂಟರ್ ಮಂದಿಯ 'ಗಿಗಾ' ಕೂಡ ಹೀಗೇ. 1985ರ 'ಬ್ಯಾಕ್ ಟು ದ ಫ್ಯೂಚರ್' ಸಿನಿಮಾದ ವಿಜ್ಞಾನಿ 'ಜಿಗಾವ್ಯಾಟ್' ಅಂತ ಕೂಗಾಡುತ್ತಾನೆ, ಆಗ ಅದೂ ಒಪ್ಪಿತವಾದ ಉಚ್ಚಾರವೇ.

ಈಗ ನಮ್ಮ ಕಡೆಗೆ ಬರೋಣ. ಭಾರತದಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಬಂದಿದ್ದು 1956ರಲ್ಲಿ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 16 ಆಣೆ ಹೋಗಿ 100 ನಯಾ ಪೈಸೆ ಬಂತು. 1958ರ ಅಕ್ಟೋಬರ್ 1ರಿಂದ ಆಯ್ದ ಕಡೆಗಳಲ್ಲಿ ಮೆಟ್ರಿಕ್ ತೂಕ ಶುರುವಾಗಿ, 1962ರ ಹೊತ್ತಿಗೆ ದೇಶಕ್ಕೆಲ್ಲ ಕಡ್ಡಾಯವಾಯಿತು. 80 ತೊಲದ ಸೇರು ಅಂದರೆ ಸುಮಾರು 933 ಗ್ರಾಂ. ಎರಡರ ಮಧ್ಯೆ ಇರುವ ಈ 67 ಗ್ರಾಂ ವ್ಯತ್ಯಾಸವನ್ನು ಪ್ರತಿ ಗಿರಾಕಿಗೂ ಬಿಡಿಸಿ ಹೇಳಬೇಕಾದವರು ಅಂಗಡಿಯವರು. ಆಗ ತಾತನಿಗೆ ಹದಿನೇಳೋ ಹದಿನೆಂಟೋ ವಯಸ್ಸು, ತಕ್ಕಡಿ ಹಿಡಿದು ಅವರಪ್ಪನ ಪಕ್ಕ ಕೂರುತ್ತಿದ್ದರಂತೆ. 'ಸೇರಿಗೂ ಕಿಲೋಗೂ ಜಗಳ ಬಿಡಿಸೋದೇ ಕೆಲಸ ಆಗಿತ್ತು' ಅನ್ನೋರು.

ನಾಣ್ಯಕ್ಕಾದರೂ ಹಳೆಯ 'ಪೈಸೆ' ಹೆಸರು ಉಳಿಯಿತು. ತೂಕಕ್ಕೆ ಬಂದಿದ್ದು ಪೂರಾ ಹೊಸ ಪದಗಳು. ಅವನ್ನು ಜನ ಸುಮ್ಮನೆ ಒಪ್ಪಿಕೊಳ್ಳಲಿಲ್ಲ, ಕನ್ನಡದ ಅಚ್ಚಿಗೆ ಹಾಕಿಕೊಂಡರು. ಪದದ ಕೊನೆಗೆ ಬರೀ ವ್ಯಂಜನ ಬಂದರೆ ನಮ್ಮ ನಾಲಿಗೆ ಒಂದು 'ಉ' ಸೇರಿಸುತ್ತದೆ. ಬಸ್ಸು, ಕಾರು, ಹಾಗೇ ಮೀಟರು. ವೇಗವಾಗಿ ಅಂದಾಗ ನಡುವಿನ ಸ್ವರ ಬಿದ್ದು ಮೀಟ್ರು, ಲೀಟ್ರು. ನಮ್ಮಲ್ಲಿ ಇಂಗ್ಲಿಷಿನ ಥರ ಒತ್ತಿನಿಂದ ಪದ ಗುರುತಿಸುವ ಪದ್ಧತಿ ಇಲ್ಲ, ಹ್ರಸ್ವ ದೀರ್ಘವೇ ಮುಖ್ಯ. ಅದಕ್ಕೇ 'ಕಿಲೋಮೀಟ್ರು' ಅನ್ನುವಾಗ 'ಲೋ', 'ಮೀ' ಎರಡನ್ನೂ ನಿಧಾನವಾಗಿ ಎಳೆಯುತ್ತೇವೆ.

ಇದನ್ನೆಲ್ಲ ಓದುತ್ತಾ ಇಂಟರ್‌ನೆಟ್ಟಿನಲ್ಲಿ ಫ್ರೆಂಚರ ಉಚ್ಚಾರ ಕೇಳಿದೆ. ನನ್ನ ಕಿವಿಗೆ ಬಿದ್ದಿದ್ದು 'ಮೆತ್ರ್', 'ಲಿತ್ರ್'. ನಾನು ಸ್ಕೂಲಿನಲ್ಲಿ ಕಲಿತ 'ಲೀಟರ್' ಅಲ್ಲ! ಟಕಾರಕ್ಕೆ ರೇಫ ಅಂಟಿಕೊಂಡ ತಾತನ 'ಲೀಟ್ರು'ಗೆ ಅದು ಹೆಚ್ಚು ಹತ್ತಿರ. ಇದು ಕಾಕತಾಳೀಯ, ಒಪ್ಪುತ್ತೇನೆ. ತಾತನಿಗೆ ಫ್ರೆಂಚ್ ಎಲ್ಲಿಂದ ಬರಬೇಕು? ಆದರೂ ಮೂಲವೇ ಸರಿ ಅನ್ನುವುದಾದರೆ, ಅವತ್ತು ತಿದ್ದಬೇಕಾದವನು ನಾನಲ್ಲ.

'ಕ್ವಿಂಟಾಲ್' ಕಥೆ ಇನ್ನೂ ಉದ್ದ. ಲ್ಯಾಟಿನ್‌ನ ನೂರು ಅರಬ್ಬಿಗೆ ಹೋಗಿ 'ಕಿಂತಾರ್' ಆಯಿತು, ಅಲ್ಲಿಂದ ಯುರೋಪಿಗೆ ಮರಳಿತು, ಮೆಟ್ರಿಕ್ ಲೆಕ್ಕದಲ್ಲಿ 100 ಕಿಲೋ ಆಗಿ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೂ ಬಂತು. ದಾರಿಯುದ್ದಕ್ಕೂ ಎಲ್ಲರೂ ಬದಲಾಯಿಸಿಕೊಂಡ ಪದವನ್ನು ನಮ್ಮ ತಾತ ಇನ್ನೊಮ್ಮೆ ಬದಲಾಯಿಸಿ 'ಕಿಂಟಾಲು' ಅಂದರೆ ಏನು ತಪ್ಪು?

ತಾತ ಈಗಿಲ್ಲ. ಇಷ್ಟೆಲ್ಲ ಅವರಿಗೆ ಹೇಳುವ ಅವಕಾಶವೂ ಇಲ್ಲ. ಮುಂದಿನ ಕಾಲ್‌ನಲ್ಲಂತೂ ನಾನು ಧೈರ್ಯವಾಗಿ 'ಕಿಲೋಮೀಟರ್' ಅಂತಲೇ ಅನ್ನುತ್ತೇನೆ. ಊರಿಗೆ ಹೋದಾಗ, ಅಂಗಡಿಯಲ್ಲಿ ಎರಡು ಲೀಟ್ರು ಎಣ್ಣೆ ಕೇಳುತ್ತೇನೆ.

ನಿಮ್ಮ ಮನೆಯ ಹಿರಿಯರು ಏನಂತಾರೆ? ತಿದ್ದೋ ಮೊದಲು ಒಮ್ಮೆ ಕಿವಿಗೊಟ್ಟು ಕೇಳಿ...