ದಕ್ಷಿಣ ಸಾಗರದ ಲೆಕ್ಕಪುಸ್ತಕ

ದಕ್ಷಿಣ ಧ್ರುವದ ಸುತ್ತಲಿನ ಸಮುದ್ರ ಬಿಸಿಯೇರುತ್ತಿದೆ ಎಂಬ ಮಾತನ್ನು ನೀವು ಈಚೆಗೆ ಪದೇ ಪದೇ ಕೇಳಿರುತ್ತೀರಿ. ಕೇಳಿದಾಗ ಒಂದು ಪ್ರಶ್ನೆ ಏಳುವುದು ಸಹಜ. ಬಿಸಿಯೇರಿದೆ ಎನ್ನಬೇಕಾದರೆ ಮೊದಲು ಎಷ್ಟು ತಣ್ಣಗಿತ್ತೆಂಬುದು ಗೊತ್ತಿರಬೇಕಷ್ಟೆ. ಊರಿಲ್ಲದ, ಬಂದರಿಲ್ಲದ ಆ ಸಮುದ್ರದೊಳಕ್ಕೆ ನೂರು ವರ್ಷಗಳ ಹಿಂದೆ ಉಷ್ಣಮಾಪಕವನ್ನು ಇಳಿಬಿಟ್ಟವರು ಯಾರು? ಏತಕ್ಕಾಗಿ? ಇದರ ಹಿಂದೆ ವಿಚಿತ್ರವಾದ ಒಂದು ಚರಿತ್ರೆಯುಂಟು. ಆ ಸಾಗರವನ್ನು ಕ್ರಮವಾಗಿ ಅಳೆಯುವಂತೆ ಮಾಡಿದ್ದು ತಿಮಿಂಗಿಲದ ಬೇಟೆ.

ದಕ್ಷಿಣ ಅಮೆರಿಕದ ತುದಿಯಿಂದ ಪೂರ್ವಕ್ಕೆ ಬಹು ದೂರದಲ್ಲಿ ಸೌತ್ ಜಾರ್ಜಿಯ ಎಂಬ ಹಿಮಪರ್ವತಗಳ ದ್ವೀಪವಿದೆ. 1775ರಲ್ಲಿ ಇಂಗ್ಲೆಂಡಿನ ನಾವಿಕ ಜೇಮ್ಸ್ ಕುಕ್ ಅಲ್ಲಿ ಇಳಿದನು. ಅಲ್ಲಿ ಸೀಲ್ ಪ್ರಾಣಿಗಳು ಹೇರಳವಾಗಿವೆಯೆಂದು ಅವನಿಂದ ತಿಳಿದ ಮೇಲೆ ತುಪ್ಪಳದ ಚರ್ಮದ ವ್ಯಾಪಾರಿಗಳ ಹಡಗುಗಳು ಬಂದುವು. ಐವತ್ತು ವರ್ಷ ಕಳೆಯುವುದರೊಳಗೆ ತುಪ್ಪಳದ ಸೀಲುಗಳು ಬಹುಮಟ್ಟಿಗೆ ನಿರ್ನಾಮವಾದುವು. ಅನಂತರ ತಿಮಿಂಗಿಲದ ಸರದಿ. 1904ರಲ್ಲಿ ನಾರ್ವೆಯ ಕ್ಯಾಪ್ಟನ್ ಕಾರ್ಲ್ ಆಂಟನ್ ಲಾರ್ಸೆನ್ ಆ ದ್ವೀಪದ ಗ್ರಿಟ್ವಿಕನ್ ಎಂಬಲ್ಲಿ ತಿಮಿಂಗಿಲದೆಣ್ಣೆ ತೆಗೆಯುವ ಕಾರ್ಖಾನೆಯನ್ನು ಸ್ಥಾಪಿಸಿದನು. ಆ ಎಣ್ಣೆ ಸಾಬೂನಿಗೆ ಬೇಕು, ಬೆಣ್ಣೆಗೆ ಬದಲಾಗಿ ಬಳಸುವ ಮಾರ್ಗರೀನಿಗೆ ಬೇಕು. ಅದರಿಂದ ಬರುವ ಗ್ಲಿಸರಿನ್ ಸಿಡಿಮದ್ದಿಗೆ ಬೇಕು. ಒಂದನೆಯ ಮಹಾಯುದ್ಧದ ಕಾಲದಲ್ಲಂತೂ ಬೇಡಿಕೆಗೆ ಮಿತಿಯೇ ಇರಲಿಲ್ಲ.

ದ್ವೀಪ ಬ್ರಿಟಿಷ್ ಸರ್ಕಾರದ ವಶದಲ್ಲಿತ್ತು. ಸೀಲುಗಳಿಗೆ ಒದಗಿದ ಗತಿ ತಿಮಿಂಗಿಲಗಳಿಗೂ ಒದಗಿದರೆ ವರಮಾನವೇ ನಿಂತುಹೋಗುವುದೆಂಬ ಚಿಂತೆ ಸರ್ಕಾರಕ್ಕೆ ಹತ್ತಿತು. ಆದ್ದರಿಂದ ತಿಮಿಂಗಿಲದೆಣ್ಣೆಯ ಮೇಲೆ ಹಾಕಿದ ಸುಂಕದ ಹಣದಿಂದಲೇ ಒಂದು ಸಂಶೋಧನೆಯನ್ನು ಹೂಡಿತು. ಹಿಂದೆ ಕ್ಯಾಪ್ಟನ್ ಸ್ಕಾಟ್ ದಕ್ಷಿಣ ಧ್ರುವ ಪ್ರದೇಶಕ್ಕೆ ಒಯ್ದಿದ್ದ 'ಡಿಸ್ಕವರಿ' ಹಡಗನ್ನು ರಿಪೇರಿ ಮಾಡಿಸಿ, 1925ರಲ್ಲಿ ಅದನ್ನು ದಕ್ಷಿಣಕ್ಕೆ ಕಳುಹಿಸಿತು. ಈ ಕಾರ್ಯದ ಮುಖ್ಯಸ್ಥರು ಸ್ಟ್ಯಾನ್ಲಿ ಕೆಂಪ್. ಇವರು ಅದಕ್ಕೆ ಮುಂಚೆ ನಮ್ಮ ಕಲ್ಕತ್ತೆಯಲ್ಲಿ, ಭಾರತದ ಪ್ರಾಣಿ ಸರ್ವೇಕ್ಷಣ ಇಲಾಖೆಯಲ್ಲಿ ಕೆಲಸಮಾಡುತ್ತ ಸೀಗಡಿಯ ಜಾತಿಗಳನ್ನು ಅಭ್ಯಾಸ ಮಾಡಿದ್ದವರು. ಜೊತೆಗೆ ಆಲಿಸ್ಟರ್ ಹಾರ್ಡಿ ಎಂಬ ತರುಣ ಪ್ರಾಣಿಶಾಸ್ತ್ರಜ್ಞರೂ ಹೊರಟರು.

ಆ ಹಡಗಿನ ದಿನಚರಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಗೊತ್ತಾದ ಸ್ಥಳಕ್ಕೆ ಬಂದೊಡನೆ ಹಡಗನ್ನು ನಿಲ್ಲಿಸಬೇಕು. ಉಕ್ಕಿನ ಹಗ್ಗಕ್ಕೆ ಸೀಸೆಗಳನ್ನೂ ಉಷ್ಣಮಾಪಕಗಳನ್ನೂ ಕಟ್ಟಿ ಇಳಿಬಿಡಬೇಕು. ಬೇಕಾದ ಆಳದಲ್ಲಿ ಉಷ್ಣಮಾಪಕ ತಲೆಕೆಳಗಾಗಿ, ಅಲ್ಲಿನ ಶಾಖವನ್ನು ಹಾಗೆಯೇ ಹಿಡಿದಿಟ್ಟುಕೊಂಡು ಮೇಲೆ ಬರುತ್ತದೆ. ಬಳಿಕ ಬಲೆ ಎಳೆದು, ಸಿಕ್ಕ ಜೀವಿಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯಬೇಕು. ಅಲ್ಲಿಂದ ಮುಂದಿನ ಸ್ಥಳಕ್ಕೆ. ಕೊರೆಯುವ ಗಾಳಿಯಲ್ಲಿ, ಉರುಳಾಡುವ ಅಟ್ಟದ ಮೇಲೆ ಈ ಕೆಲಸ ಸಾಗಿತು. ಮೊದಲನೆಯ ಹಡಗಿನ ತರುವಾಯ 'ಡಿಸ್ಕವರಿ 2' ಬಂತು; ನಡುವೆ ಯುದ್ಧದಿಂದ ಅಡ್ಡಿಯಾದರೂ 1951ರವರೆಗೆ ಯಾತ್ರೆಗಳು ನಡೆದುವು.

ಈ ಶ್ರಮದಿಂದ ತಿಳಿದುಬಂದ ಮುಖ್ಯ ಸಂಗತಿ ಇದು: ಆ ಸಾಗರದ ಜೀವನವೆಲ್ಲ ಒಂದು ಸಣ್ಣ ಪ್ರಾಣಿಯನ್ನು ಆಧರಿಸಿದೆ. ಅದಕ್ಕೆ ಕ್ರಿಲ್ ಎಂದು ಹೆಸರು. ನೋಡಲು ಸೀಗಡಿಯಂತೆ, ಉದ್ದ ಹೆಚ್ಚೆಂದರೆ 6 ಸೆಂಟಿಮೀಟರು. ನೂರು ಟನ್ನು ತೂಗುವ ನೀಲಿ ತಿಮಿಂಗಿಲ ತಿನ್ನುವುದು ಇದನ್ನೇ. ಪೆಂಗ್ವಿನ್, ಸೀಲ್, ಕಡಲಹಕ್ಕಿಗಳ ಊಟವೂ ಬಹುಪಾಲು ಇದೇ. ಕ್ರಿಲ್‌ಗೆ ಆಸರೆ ಮಂಜುಗಡ್ಡೆ. ಚಳಿಗಾಲದಲ್ಲಿ ಸಮುದ್ರದ ಮೇಲ್ಮೈ ಹೆಪ್ಪುಗಟ್ಟಿದಾಗ ಅದರ ತಳಕ್ಕೆ ಪಾಚಿ ಹತ್ತುತ್ತದೆ. ಕ್ರಿಲ್ ಮರಿಗಳು ಆ ಪಾಚಿಯನ್ನು ಕೆರೆದು ತಿಂದು ಚಳಿಗಾಲ ಕಳೆಯುತ್ತವೆ. ನಮ್ಮ ದನಕರುಗಳಿಗೆ ಬೇಸಗೆಯಲ್ಲಿ ಹುಲ್ಲಿನ ಬಣವೆ ಹೇಗೋ, ಅವಕ್ಕೆ ಮಂಜುಗಡ್ಡೆ ಹಾಗೆ.

ಇಷ್ಟು ತಿಳಿದದ್ದರಿಂದ ತಿಮಿಂಗಿಲಗಳು ಉಳಿದುವೆ? ಇಲ್ಲ. ಶಾಸ್ತ್ರಜ್ಞರು ಬಲೆ ಎಳೆಯುತ್ತಿದ್ದಾಗಲೇ, ತಿಮಿಂಗಿಲವನ್ನು ನಡುಗಡಲಿನಲ್ಲಿಯೇ ಮೇಲೆತ್ತಿ ಎಣ್ಣೆ ತೆಗೆಯುವ ಕಾರ್ಖಾನೆ ಹಡಗುಗಳು ಬಂದುವು. 1930-31ರ ಒಂದೇ ಋತುವಿನಲ್ಲಿ ಸುಮಾರು 29,000 ನೀಲಿ ತಿಮಿಂಗಿಲಗಳು ಬಲಿಯಾದುವು. ಸೌತ್ ಜಾರ್ಜಿಯದ ಕಾರ್ಖಾನೆಗಳೊಂದಕ್ಕೇ 1904ರಿಂದ 1965ರವರೆಗೆ ಸುಮಾರು 1,75,000 ತಿಮಿಂಗಿಲಗಳು ಬಂದುವು. ವ್ಯಾಪಾರಕ್ಕಾಗಿ ಬೇಟೆಯಾಡುವುದನ್ನು ನಿಲ್ಲಿಸಬೇಕೆಂಬ ಅಂತರರಾಷ್ಟ್ರೀಯ ನಿರ್ಣಯ ಜಾರಿಗೆ ಬಂದದ್ದು 1986ರಲ್ಲಿ.

ಬೇಟೆ ಮುಗಿಯಿತು, ಲೆಕ್ಕದ ಪುಸ್ತಕಗಳು ಉಳಿದುವು. ಅವುಗಳ ಬೆಲೆ ಈಗ ತಿಳಿಯುತ್ತಿದೆ. ಹಳೆಯ ಅಳತೆಗಳನ್ನು ಹೊಸ ಅಳತೆಗಳೊಂದಿಗೆ ಹೋಲಿಸಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 1925ರಿಂದ 81 ವರ್ಷಗಳಲ್ಲಿ ಸೌತ್ ಜಾರ್ಜಿಯದ ಸುತ್ತಣ ಕಡಲಿನ ಮೇಲಿನ 100 ಮೀಟರು ನೀರು ಅಲ್ಲಿಯ ಬೇಸಗೆಯಾದ ಜನವರಿಯಲ್ಲಿ ಸುಮಾರು 0.9 ಡಿಗ್ರಿ, ಚಳಿಗಾಲವಾದ ಆಗಸ್ಟಿನಲ್ಲಿ ಸುಮಾರು 2.3 ಡಿಗ್ರಿ ಸೆಂಟಿಗ್ರೇಡ್ ಬಿಸಿಯೇರಿದೆ. ಎರಡು ಡಿಗ್ರಿ ಏನು ಮಹಾ ಎನ್ನಬೇಡಿ. ನೀರು ಹೆಪ್ಪುಗಟ್ಟುವುದಕ್ಕೂ ಗಟ್ಟದಿರುವುದಕ್ಕೂ ಇರುವ ಅಂತರ ಅಷ್ಟೇ.

ಕ್ರಿಲ್ ಲೆಕ್ಕವನ್ನೂ ಹೀಗೆಯೇ ಹೋಲಿಸಿದರು. 1920ರ ದಶಕದಿಂದ ಬಲೆಗೆ ಸಿಕ್ಕ ಕ್ರಿಲ್‌ಗಳ ಎಣಿಕೆಯನ್ನೆಲ್ಲ ಕೂಡಿಸಿ ನೋಡಿದ ಆಂಗಸ್ ಅಟ್ಕಿನ್ಸನ್ ಮತ್ತು ಅವರ ಸಂಗಡಿಗರು, ನೈಋತ್ಯ ಅಟ್ಲಾಂಟಿಕ್ ಭಾಗದಲ್ಲಿ ಕ್ರಿಲ್‌ಗಳ ನೆಲೆ 90 ವರ್ಷಗಳಲ್ಲಿ ಸುಮಾರು 440 ಕಿಲೋಮೀಟರು ದಕ್ಷಿಣಕ್ಕೆ ಸರಿದಿದೆಯೆಂದು 2019ರಲ್ಲಿ ಪ್ರಕಟಿಸಿದರು. ಬೇಟೆಗಾರರ ದಾಖಲೆಗಳೂ ವ್ಯರ್ಥವಾಗಲಿಲ್ಲ. ತಿಮಿಂಗಿಲಗಳು ಮಂಜುಗಡ್ಡೆಯ ಅಂಚಿನಲ್ಲಿ ಸೇರುತ್ತಿದ್ದುದರಿಂದ, ಅವನ್ನು ಕೊಂದ ಸ್ಥಳವನ್ನು ನೋಡಿ ಅಂಚು ಎಲ್ಲಿತ್ತೆಂದು ಊಹಿಸಬಹುದು. 1997ರಲ್ಲಿ ವಿಲಿಯಂ ಡಿ ಲಾ ಮೇರ್ ಹಾಗೆ ಲೆಕ್ಕಹಾಕಿ, 1950ರ ದಶಕದ ನಡುವಿನಿಂದ 1970ರ ದಶಕದ ಮೊದಲಿನೊಳಗೆ ಬೇಸಗೆಯ ಮಂಜಿನ ಅಂಚು ಸುಮಾರು 2.8 ಅಕ್ಷಾಂಶದಷ್ಟು ಹಿಂದೆಗೆದಿತ್ತೆಂದರು. ಈ ಎರಡು ಲೆಕ್ಕಗಳ ವಿಷಯದಲ್ಲಿಯೂ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಆದರೆ ಹಳೆಯ ಪುಸ್ತಕಗಳಿಲ್ಲದಿದ್ದರೆ ಚರ್ಚೆಗೂ ಆಸ್ಪದವಿರುತ್ತಿರಲಿಲ್ಲ.

ಉಪಗ್ರಹಗಳು ಮಂಜುಗಡ್ಡೆಯನ್ನು ನಿತ್ಯವೂ ಅಳೆಯತೊಡಗಿದ್ದು 1970ರ ದಶಕದ ಕೊನೆಯಲ್ಲಿ. ಮೊದಲು ಹಲವು ವರ್ಷ ಅದರ ಒಟ್ಟು ವಿಸ್ತಾರ ಸ್ವಲ್ಪ ಹೆಚ್ಚುತ್ತಲೇ ಇತ್ತು. 2016ರಿಂದ ಥಟ್ಟನೆ ಇಳಿಯಿತು. 2023ರ ಫೆಬ್ರವರಿಯಲ್ಲಿ ಅದು ಸುಮಾರು 18 ಲಕ್ಷ ಚದರ ಕಿಲೋಮೀಟರಿಗೆ ಕುಗ್ಗಿತು. ಉಪಗ್ರಹಗಳು ಅಳೆಯತೊಡಗಿದ ಮೇಲೆ ಅಲ್ಲಿಯವರೆಗೆ ಅಷ್ಟು ಕಡಮೆಯಾದದ್ದಿಲ್ಲ. ಇದರ ಪರಿಣಾಮವನ್ನು ಎಂಪರರ್ ಪೆಂಗ್ವಿನ್ನುಗಳಲ್ಲಿ ಕಾಣಬಹುದು. ಈ ಹಕ್ಕಿ ಮೊಟ್ಟೆಯಿಟ್ಟು ಮರಿ ಸಾಕುವುದು ಕಡಲಿನ ಮಂಜುಗಡ್ಡೆಯ ಮೇಲೆ. ಮರಿಗೆ ನೀರು ತಡೆಯುವ ಗರಿ ಬರುವ ಮೊದಲೇ ಗಡ್ಡೆ ಒಡೆದರೆ ಮರಿ ಸಾಯುತ್ತದೆ. 2022ರಲ್ಲಿ ಬೆಲಿಂಗ್ಸ್‌ಹೌಸೆನ್ ಸಮುದ್ರದ ಐದು ನೆಲೆಗಳ ಪೈಕಿ ನಾಲ್ಕರಲ್ಲಿ ಬಹುಶಃ ಒಂದು ಮರಿಯೂ ಉಳಿಯಲಿಲ್ಲವೆಂದು ಉಪಗ್ರಹದ ಚಿತ್ರಗಳನ್ನು ಪರೀಕ್ಷಿಸಿದವರು ಬರೆದಿದ್ದಾರೆ.

ಇನ್ನೊಂದು ಕಡೆ ಸಂತೋಷದ ಸುದ್ದಿಯೂ ಉಂಟು. 2020ರಲ್ಲಿ ಸೌತ್ ಜಾರ್ಜಿಯದ ಬಳಿ ನಡೆದ ಸಮೀಕ್ಷೆಯಲ್ಲಿ 55 ನೀಲಿ ತಿಮಿಂಗಿಲಗಳು ಕಾಣಿಸಿದುವು. ಬಹುಕಾಲ ಒಂದೆರಡು ಕಂಡರೆ ಹೆಚ್ಚೆನಿಸಿದ್ದ ಕಡಲು ಅದು. ಆದರೆ ಮರಳಿ ಬಂದವಕ್ಕೆ ಊಟವಿರಬೇಕಲ್ಲ? ಕ್ರಿಲ್ ದಕ್ಷಿಣಕ್ಕೆ ಸರಿಯುತ್ತ ಹೋದರೆ, ಅಜ್ಜಂದಿರು ಮೇಯುತ್ತಿದ್ದ ಸ್ಥಳಕ್ಕೆ ಮೊಮ್ಮಕ್ಕಳು ಬಂದು ಫಲವೇನು? ಕ್ರಿಲ್ ಹಿಡಿಯುವುದಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದವೊಂದು 1982ರಿಂದ ಜಾರಿಯಲ್ಲಿದೆ. ಭಾರತವೂ ಅದರಲ್ಲಿ ಸೇರಿದೆ.

ಬೇಟೆಯಿಂದಾದ ಹಾನಿಗೂ ಈಗಿನ ಹಾನಿಗೂ ಇರುವ ಭೇದವನ್ನು ನೀವು ಗಮನಿಸಬೇಕು. ಅಂದು ಕೊಲ್ಲುವವನು ಅಲ್ಲಿಗೇ ಹೋಗಿ ಈಟಿ ಹೊಡೆಯಬೇಕಾಗಿತ್ತು. ರಾಷ್ಟ್ರಗಳು ಕೂಡಿ ಕೈ ಹಿಡಿದುವು, ಬೇಟೆ ನಿಂತಿತು. ಇಂದು ಯಾರೂ ಅಲ್ಲಿಗೆ ಹೋಗಬೇಕಾಗಿಲ್ಲ. ಎಲ್ಲ ಖಂಡಗಳ ಕಲ್ಲಿದ್ದಲು, ಪೆಟ್ರೋಲುಗಳ ಹೊಗೆಯಿಂದ ಭೂಮಿಯಲ್ಲಿ ಉಳಿಯುವ ಹೆಚ್ಚಿನ ಶಾಖದಲ್ಲಿ ನೂರಕ್ಕೆ 90 ಪಾಲು ಸಮುದ್ರಗಳಿಗೇ ಸೇರುತ್ತದೆ. ಅದರಲ್ಲಿ ದಕ್ಷಿಣ ಸಾಗರದ ಪಾಲು ದೊಡ್ಡದು. ತಿಮಿಂಗಿಲದೆಣ್ಣೆಯ ಸುಂಕದಿಂದ ಬರೆಸಿದ ಆ ಲೆಕ್ಕ ತಿಮಿಂಗಿಲಗಳ ಪಾಲಿಗೆ ಸಕಾಲದಲ್ಲಿ ಉಪಯೋಗಕ್ಕೆ ಬರಲಿಲ್ಲ. ಆಗ ತಿಳಿವಳಿಕೆ ಇರಲಿಲ್ಲವೆಂದಲ್ಲ, ಇದ್ದದ್ದನ್ನು ನಡತೆಗೆ ತರಲಿಲ್ಲ. ಅದೇ ಲೆಕ್ಕ ಈಗ ಎರಡನೆಯ ಸಾರಿ ನಮ್ಮ ಮುಂದೆ ಬಂದಿದೆ.