ಅಂತೋನಿಯ ರೊಟ್ಟಿ ಮತ್ತು ಗುದ್ದಲಿ

ಈಜಿಪ್ಟಿನ ಮರುಭೂಮಿಯ ಆದಿ ಕ್ರೈಸ್ತ ವಿರಕ್ತರಲ್ಲಿ ಅಗ್ರಗಣ್ಯನಾದ ಸಂತ ಅಂತೋನಿಯು ಕ್ರಿ.ಶ. 356ರಲ್ಲಿ ಕಾಲವಾದನು. ಅನಂತರ ಕೆಲವೇ ವರ್ಷಗಳಲ್ಲಿ ಅಲೆಗ್ಸಾಂಡ್ರಿಯದ ಬಿಷಪ್ ಅಥನೇಷಿಯಸನು ಆತನ ಚರಿತ್ರೆಯನ್ನು ಗ್ರೀಕ್ ಭಾಷೆಯಲ್ಲಿ ರಚಿಸಿದನು. ಏರಿಯಸನ ಪಂಥದೊಡನೆ ದೀರ್ಘಕಾಲ ಹೋರಾಡಿದ ಈ ಲೇಖಕನಿಗೆ ತನ್ನ ಪಕ್ಷಕ್ಕೊಬ್ಬ ಮಹಾಪುರುಷನು ಬೇಕಾಗಿದ್ದನೆಂಬುದನ್ನು ಮರೆಯಲಾಗದು. ಆದುದರಿಂದ ಗ್ರಂಥದಲ್ಲಿ ತುಂಬಿರುವ ಪಿಶಾಚಿಗಳ ಕಾಳಗವನ್ನು ಬದಿಗಿರಿಸಿ, ಆತನು ಪ್ರಾಸಂಗಿಕವಾಗಿ ಹೇಳಿಬಿಡುವ ಅನ್ನದ ಲೆಕ್ಕವನ್ನು ನಾವಿಲ್ಲಿ ಪರಿಶೀಲಿಸುತ್ತೇವೆ. ದೇವರಲ್ಲಿ ಭರವಸೆಯಿಡುವುದೆಂದರೆ ಅಂತೋನಿಗೆ ಏನಾಗಿತ್ತೆಂಬುದು ಅಲ್ಲಿಯೇ ಸ್ಪಷ್ಟವಾಗಿ ಗೋಚರಿಸುತ್ತದೆ.

ತಂದೆತಾಯಿಗಳು ತೀರಿಕೊಂಡಾಗ ಆತನಿಗೆ 18 ಅಥವಾ 20 ವರ್ಷ. ಉಳಿದವಳು ತಂಗಿಯೊಬ್ಬಳೇ. 300 ಅರೂರ, ಎಂದರೆ ಸುಮಾರು 200 ಎಕರೆ, ಫಲವತ್ತಾದ ಭೂಮಿಯಿತ್ತು. ಪರಿಪೂರ್ಣನಾಗಬಯಸುವವನು ಇದ್ದುದೆಲ್ಲವನ್ನೂ ಬಡವರಿಗೆ ಕೊಡಬೇಕೆಂಬ ಸುವಾರ್ತೆಯ ಬೋಧನೆಯನ್ನು ಚರ್ಚಿನಲ್ಲಿ ಕೇಳಿ, ಭೂಮಿಯನ್ನು ಊರವರಿಗೆ ಬಿಟ್ಟುಕೊಟ್ಟನು. ಒಡವೆವಸ್ತುಗಳನ್ನು ಮಾರಿ ಹಣವನ್ನು ಹಂಚಿ, ತಂಗಿಗೆಂದು ಸ್ವಲ್ಪ ಉಳಿಸಿಕೊಂಡನು. ಮತ್ತೊಮ್ಮೆ, ನಾಳಿನ ಚಿಂತೆ ಬೇಡವೆಂಬ ಮಾತು ಕಿವಿಗೆ ಬಿದ್ದಿತು. ಉಳಿಸಿದ್ದೂ ಹೋಯಿತು. ತಂಗಿಯನ್ನು ಪರಿಚಿತರಾದ ಕನ್ಯಾವ್ರತಸ್ಥೆಯರಿಗೆ ಒಪ್ಪಿಸಿದನು. ಆಕೆಯ ಹೆಸರನ್ನಾಗಲಿ ಸಮ್ಮತಿಯನ್ನಾಗಲಿ ಅಥನೇಷಿಯಸನು ತಿಳಿಸುವುದಿಲ್ಲ. ಮುಪ್ಪಿನಲ್ಲಿ ಆಕೆ ಇತರ ಕನ್ಯೆಯರಿಗೆ ಮಾರ್ಗದರ್ಶಕಳಾಗಿದ್ದುದನ್ನು ಕಂಡು ಅಣ್ಣನು ಹರ್ಷಿಸಿದನಂತೆ; ಆದರೂ ಅಣ್ಣನ ನಂಬಿಕೆಯ ಬೆಲೆಯನ್ನು ತಂಗಿಯೂ ತೆತ್ತಳೆಂದೇ ನಾವು ಹೇಳಬೇಕಾಗುತ್ತದೆ.

ನಾಳಿನ ಚಿಂತೆಯನ್ನು ಬಿಟ್ಟವನು ದುಡಿಮೆಯನ್ನು ಬಿಡಲಿಲ್ಲ. ಕೈಯಾರೆ ದುಡಿದು, ಬಂದುದರಲ್ಲಿ ಒಂದು ಪಾಲಿನಿಂದ ರೊಟ್ಟಿ ಕೊಂಡು, ಮಿಕ್ಕುದನ್ನು ದಾನಮಾಡುತ್ತಿದ್ದನು. ಮುಂದೆ ನೈಲ್ ನದಿಯಾಚೆಯ ಹಾಳುಕೋಟೆಯನ್ನು ಹೊಕ್ಕಾಗ 6 ತಿಂಗಳ ರೊಟ್ಟಿಯನ್ನು ಕೂಡಿಟ್ಟುಕೊಂಡನು. ಅಲ್ಲಿ ಕಳೆದ ಸುಮಾರು 20 ವರ್ಷವೂ ವರ್ಷಕ್ಕೆರಡು ಬಾರಿ ಮೇಲಿನಿಂದ ರೊಟ್ಟಿ ಇಳಿಯುತ್ತಿತ್ತು, ಆಕಾಶದಿಂದಲ್ಲ, ಮಾಳಿಗೆಯಿಂದ. ಕಡೆಗೆ ಕೆಂಪು ಸಮುದ್ರದ ದಿಕ್ಕಿನ ಒಳಬೆಟ್ಟದಲ್ಲಿ ನೆಲೆಸಿದಾಗ, ಆ ದಾರಿಯಾಗಿ ಸಾಗುವ ಸಾರಸೆನ್ ಪಯಣಿಗರೂ ಅನಂತರ ಶಿಷ್ಯರೂ ರೊಟ್ಟಿ ತಂದುಕೊಡತೊಡಗಿದರು. ತನ್ನಿಂದ ಅವರಿಗೆ ಶ್ರಮವಾಗುವುದನ್ನು ಕಂಡು ಆತನು ಒಂದು ಗುದ್ದಲಿ, ಒಂದು ಕೊಡಲಿ, ಸ್ವಲ್ಪ ಧಾನ್ಯವನ್ನು ತರಿಸಿಕೊಂಡು, ನೀರಿನ ಆಸರೆಯಿದ್ದ ನೆಲವನ್ನು ಅಗೆದು ಬಿತ್ತಿದನು. ಬರುವವರಿಗಾಗಿ ತರಕಾರಿಯನ್ನೂ ಬೆಳೆದನು.

ಈ ಗುದ್ದಲಿಯನ್ನು ಸ್ತುತಿಕಾರನೊಬ್ಬನು ಕಲ್ಪಿಸಿರಲಾರನೆಂದು ನಮಗೆ ತೋರುತ್ತದೆ. ಕೆಲವು ವರ್ಷಗಳ ಅನಂತರ ಜೆರೋಮನು ಬರೆದ ಪೌಲನೆಂಬ ವಿರಕ್ತನ ಚರಿತ್ರೆಯಲ್ಲಿ ಕಾಗೆಯೇ ದಿನಕ್ಕೆ ಅರ್ಧ ರೊಟ್ಟಿಯನ್ನು ತರುತ್ತದೆ. ಅಂತೋನಿಯು ಅತಿಥಿಯಾಗಿ ಬಂದ ದಿನ ಇಡೀ ರೊಟ್ಟಿ! ಅಥನೇಷಿಯಸನ ಅಂತೋನಿಗೆ ಅಂತಹ ಕಾಗೆ ಇಲ್ಲ. ದೇವರನ್ನು ನೆಚ್ಚಿದವನು ಪರರಿಗೆ ಹೊರೆಯಾಗಬಾರದೆಂಬ ಎಚ್ಚರ ಮಾತ್ರ ಇದೆ.

105ನೆಯ ವಯಸ್ಸಿನಲ್ಲಿ ಆತನು ಹಂಚಲು ಉಳಿದಿದ್ದುದು ಉಡುಗೆಗಳು ಮಾತ್ರ. ಎರಡು ಕುರಿದೊಗಲುಗಳಲ್ಲಿ ಒಂದು ಅಥನೇಷಿಯಸನಿಗೆ, ಮತ್ತೊಂದು ಬಿಷಪ್ ಸೆರಾಪಿಯೋನನಿಗೆ, ಕೂದಲ ಅಂಗಿ ಶುಶ್ರೂಷೆ ಮಾಡಿದ ಇಬ್ಬರಿಗೆ. ಅಥನೇಷಿಯಸನು ಹಿಂದೆ ಹೊಸದಾಗಿ ಕೊಟ್ಟಿದ್ದ ಮೇಲುಹೊದಿಕೆಯು ಹಳೆಯದಾಗಿ ಆತನಿಗೇ ಮರಳಿತು.